ರಜೆ ಸಿಕ್ಕರೂ ಮನೆಯಲ್ಲೇ ಉಳಿಯುವವರು

(ಊರಿನ ಗ್ರಂಥಾಲಯದ ಸಭೆಯಲ್ಲಿ ಮಾತಾಡಿದ್ದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯುರೋಪಿನ ದೇಶಗಳಲ್ಲಿ ಪ್ರತಿ ವರ್ಷ ಒಂದು ದೊಡ್ಡ ಸಮೀಕ್ಷೆ ನಡೆಯುತ್ತದೆ. ಆದಾಯ ಎಷ್ಟು, ಬಾಡಿಗೆ ಸರಿಯಾಗಿ ಕಟ್ಟುತ್ತಿದ್ದೀರಾ, ಚಳಿಗಾಲದಲ್ಲಿ ಮನೆ ಬೆಚ್ಚಗಿಟ್ಟುಕೊಳ್ಳಲು ಆಗುತ್ತದಾ, ಎರಡು ದಿನಕ್ಕೊಮ್ಮೆಯಾದರೂ ಪೌಷ್ಟಿಕ ಊಟ ಮಾಡುತ್ತೀರಾ ಅಂತ ಕೇಳುತ್ತಾರೆ. ಅದೇ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆ ಇದೆ. ವರ್ಷಕ್ಕೆ ಒಂದು ವಾರ ಮನೆ ಬಿಟ್ಟು ಬೇರೆ ಕಡೆ ಹೋಗಿ ಇದ್ದು ಬರಲು ನಿಮ್ಮ ಕೈಯಲ್ಲಿ ಆಗುತ್ತದಾ?

ಇದು ವಿಮಾನ, ಹೋಟೆಲ್ಲಿನ ಪ್ರಶ್ನೆ ಅಂದುಕೊಳ್ಳಬೇಡಿ. ನೆಂಟರ ಮನೆಯಲ್ಲಿ ಉಳಿದುಕೊಂಡರೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಮಕ್ಕಳು ಬೇಸಿಗೆಗೆ ಅಜ್ಜಿ ಮನೆಗೆ ಹೋಗುತ್ತಾರಲ್ಲ, ಅದೂ ಅಲ್ಲಿ ಸೇರುತ್ತದೆ. ಅಷ್ಟು ಸಡಿಲವಾಗಿ ಕೇಳಿದರೂ, 2023ರಲ್ಲಿ ಯುರೋಪಿಯನ್ ಒಕ್ಕೂಟದ 16 ವರ್ಷ ದಾಟಿದ ಜನರಲ್ಲಿ ಶೇ. 28.5ರಷ್ಟು ಮಂದಿಗೆ ಅದು ಕೈಗೆಟುಕದ ಮಾತಾಗಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ. ರೊಮೇನಿಯಾದಲ್ಲಿ ಹತ್ತು ಜನರಲ್ಲಿ ಆರು ಮಂದಿ. ಲಕ್ಸೆಂಬರ್ಗ್‌ನಂಥ ಭಾರೀ ಶ್ರೀಮಂತ ದೇಶದಲ್ಲೂ ಹತ್ತಕ್ಕೆ ಒಬ್ಬರು.

ಊಟ, ಬಾಡಿಗೆ, ಚಳಿಯ ಜೊತೆಗೆ ರಜೆಯನ್ನೂ ಯಾಕೆ ಸೇರಿಸಿದರು? ಇದರ ಹಿಂದೆ ಒಬ್ಬರ ದೊಡ್ಡ ದುಡಿಮೆ ಇದೆ. ಪೀಟರ್ ಟೌನ್‌ಸೆಂಡ್ ಅಂತ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ. 1960ರ ದಶಕದ ಕೊನೆಯಲ್ಲಿ ಅವರು ದೇಶದ ಉದ್ದಗಲಕ್ಕೂ ಮನೆಗಳ ಸಮೀಕ್ಷೆ ಮಾಡಿಸಿದರು. ಅದರ ಫಲ 1979ರಲ್ಲಿ ಪುಸ್ತಕವಾಗಿ ಬಂತು. ಹೊಟ್ಟೆ ತುಂಬಿದ ಮಾತ್ರಕ್ಕೆ ಬಡತನ ಹೋಯಿತು ಅನ್ನಲಾಗದು ಅನ್ನುವುದು ಅವರ ವಾದ. ಸುತ್ತಲಿನವರೆಲ್ಲ ಸಹಜವಾಗಿ ಮಾಡುವುದನ್ನು ಒಂದು ಮನೆಯವರು ಮಾತ್ರ ಮಾಡಲಾಗದೆ ಹಿಂದೆ ಸರಿಯಬೇಕಾಗುತ್ತದಲ್ಲ, ಅದೂ ಬಡತನವೇ. ಇದನ್ನು ಅಳೆಯಲು ಅವರು 12 ಗುರುತುಗಳ ಪಟ್ಟಿ ಮಾಡಿದರು. ಮನೆಯಲ್ಲಿ ಫ್ರಿಜ್ ಇಲ್ಲ, ಮಗುವಿನ ಹುಟ್ಟುಹಬ್ಬಕ್ಕೆ ಯಾರನ್ನೂ ಕರೆದಿಲ್ಲ, ಇಂಥವು. ಪಟ್ಟಿಯ ಮೊದಲನೇ ಸಾಲು ಯಾವುದು ಗೊತ್ತಾ? ಕಳೆದ 12 ತಿಂಗಳಲ್ಲಿ ಒಂದು ವಾರ ಮನೆಯಿಂದ ಹೊರಗೆ ರಜೆ ಕಳೆದಿಲ್ಲ.

1983ರಲ್ಲಿ ಇನ್ನೊಂದು ಸಮೀಕ್ಷೆ ಜನರನ್ನೇ ಕೇಳಿತು. ಯಾವುದು ಬದುಕಿಗೆ ಬೇಕೇ ಬೇಕು ಅಂತ. ವರ್ಷಕ್ಕೊಂದು ವಾರ ಹೊರಗೆ ಹೋಗಿ ಬರುವುದು ಬೇಕೇ ಬೇಕು ಅಂತ ಬ್ರಿಟನ್ನಿನ ಅರ್ಧಕ್ಕಿಂತ ಜಾಸ್ತಿ ಜನ ಹೇಳಿದರು. 2012ರಲ್ಲಿ ಮತ್ತೆ ಕೇಳಿದಾಗ ಹಾಗೆ ಹೇಳುವವರು ಅರ್ಧಕ್ಕಿಂತ ಕಮ್ಮಿಯಾಗಿದ್ದರು. ಕಷ್ಟದ ವರ್ಷಗಳು ಬಂದಾಗ ಜನ ತಮ್ಮ ಆಸೆಯನ್ನೇ ಇಳಿಸಿಕೊಂಡುಬಿಡುತ್ತಾರೆ. ನನಗೆ ಇದು ಮೊದಲ ಅಂಕಿಗಿಂತ ಜಾಸ್ತಿ ನೋವು ಕೊಡುತ್ತದೆ.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಒಂದೇ ವಿಷಯ. ಈ ದೇಶಗಳು ದುಡಿಯುವವರಿಗೆ ರಜೆಯನ್ನು ಕಾನೂನಿನಲ್ಲಿ ಕೊಟ್ಟವು. ಆ ರಜೆಯಲ್ಲಿ ಹೋಗಿ ಬರುವುದಕ್ಕೆ ದಾರಿ ಮಾಡುವ ಕೆಲಸವನ್ನೂ ಒಂದು ಕಾಲಕ್ಕೆ ಶುರು ಮಾಡಿದ್ದವು. ಆ ಎರಡನೇ ಕೆಲಸ ಅರ್ಧದಲ್ಲೇ ನಿಂತಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನ ಲ್ಯಾಂಕಾಷೈರ್ ಹತ್ತಿ ಗಿರಣಿಗಳ ಸೀಮೆ. ಅಲ್ಲಿ ಒಂದೊಂದು ಊರಿಗೂ ಬೇಸಿಗೆಯಲ್ಲಿ ಒಂದು ವಾರ ಗೊತ್ತಾಗಿತ್ತು. ಅದನ್ನು ವೇಕ್ಸ್ ವಾರ ಅನ್ನುತ್ತಿದ್ದರು. ಆ ವಾರ ಊರಿನ ಗಿರಣಿಗಳೆಲ್ಲ ಒಟ್ಟಿಗೆ ಬಂದ್. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲ್ ಸಮುದ್ರ ತೀರಕ್ಕೆ ಹೋಗುತ್ತಿತ್ತು. ಆದರೆ ಆ ವಾರಕ್ಕೆ ಕೂಲಿ ಇರಲಿಲ್ಲ. ಅದಕ್ಕೆ ಜನ ವರ್ಷವಿಡೀ ವಾರ ವಾರ ಪುಡಿಗಾಸು ಕಟ್ಟಿ ಕೂಡಿಡುವ ಗುಂಪುಗಳನ್ನು ಮಾಡಿಕೊಂಡಿದ್ದರು. ನಮ್ಮಲ್ಲಿ ದೀಪಾವಳಿ ಚೀಟಿ ಕಟ್ಟುತ್ತಾರಲ್ಲ, ಹೆಚ್ಚು ಕಮ್ಮಿ ಅದೇ ಥರ. ಬ್ಲ್ಯಾಕ್‌ಪೂಲ್‌ನಲ್ಲಿ ರೂಮು ಬಾಡಿಗೆಗೆ ಕೊಡುವ ಹೆಂಗಸರು ಹಾಸಿಗೆಗೆ ಇಷ್ಟು ಅಂತ ತೆಗೆದುಕೊಳ್ಳುತ್ತಿದ್ದರು. ದಿನಸಿ ನೀವೇ ತರಬೇಕು, ಅವರು ಬೇಯಿಸಿ ಕೊಡುತ್ತಾರೆ. ಟೇಬಲ್ ಮೇಲಿನ ಉಪ್ಪು, ಕಾಳುಮೆಣಸಿನ ಡಬ್ಬಿ ಮುಟ್ಟಿದರೆ ಅದಕ್ಕೂ ಬೇರೆ ಕಾಸು ಕೇಳುವವರಿದ್ದರು.

ಲಂಡನ್ನಿನ ಈಸ್ಟ್ ಎಂಡ್ ಬಡವರಿಗೆ ಅದೂ ಇರಲಿಲ್ಲ. ಅವರ ರಜೆ ಅಂದರೆ ಕೆಂಟ್ ಸೀಮೆಯ ಹಾಪ್ಸ್ ತೋಟ. ಬಿಯರ್ ಮಾಡಲು ಬೇಕಾಗುವ ಹೂವದು. ಸೆಪ್ಟೆಂಬರಿನಲ್ಲಿ ಅದನ್ನು ಬಿಡಿಸಲು ಸಾವಿರಾರು ಕೈ ಬೇಕು. ತಾಯಂದಿರು, ಅಜ್ಜಿಯಂದಿರು, ಮಕ್ಕಳು ಪಾತ್ರೆ ಪಡಗ ಕಟ್ಟಿಕೊಂಡು ಅಗ್ಗದ ರೈಲಿನಲ್ಲಿ ಹೊರಡುತ್ತಿದ್ದರು. ತೋಟದ ಪಕ್ಕದ ಚಿಕ್ಕ ಗುಡಿಸಲಿನಲ್ಲಿ ವಾಸ. ಹುಲ್ಲು ತುಂಬಿದ ಹಾಸಿಗೆ. ಹಗಲೆಲ್ಲ ಕೆಲಸ. ಗಂಡಸರು ವಾರದ ಕೊನೆಗೆ ಬಂದು ಹೋಗುತ್ತಿದ್ದರು. ಇಷ್ಟಾದರೂ ಆ ದಿನಗಳನ್ನು ನೆನೆದವರೆಲ್ಲ ಹೊಗೆ ಇಲ್ಲದ ಗಾಳಿ, ರಾತ್ರಿ ಬೆಂಕಿ ಸುತ್ತ ಕೂತು ಹಾಡಿದ್ದು, ಇದನ್ನೇ ಹೇಳುತ್ತಾರೆ. ಹೂ ಬಿಡಿಸುವ ಯಂತ್ರಗಳು 1950ರ ದಶಕದಿಂದ ಬರತೊಡಗಿದವು. ಆ ಬಡ ರಜೆ ಮೆಲ್ಲಗೆ ಮುಗಿದುಹೋಯಿತು. ಕೂಲಿ ಮಾಡಿಯಾದರೂ ಮಕ್ಕಳಿಗೆ ಬಯಲು ತೋರಿಸಬೇಕು ಅಂತ ಒದ್ದಾಡಿದ ಆ ತಾಯಂದಿರನ್ನು ನೆನೆದಾಗ, ಪ್ರವಾಸ ಬಡವರಿಗೆ ಯಾಕೆ ಅಂತ ಕೇಳುವವರಿಗೆ ಬೇರೆ ಉತ್ತರ ಬೇಕಾ ಅನಿಸುತ್ತದೆ.

ಈಗ ಫ್ರಾನ್ಸಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1936ರ ಮೇ ತಿಂಗಳು. ಚುನಾವಣೆಯಲ್ಲಿ ಎಡಪಕ್ಷಗಳ ಕೂಟ ಗೆದ್ದಿತು. ಅದರ ನಾಯಕ ಲಿಯೋನ್ ಬ್ಲುಮ್ ಇನ್ನೂ ಪ್ರಧಾನಿ ಆಗುವುದಕ್ಕೆ ಮುಂಚೆಯೇ ದೇಶದಾದ್ಯಂತ ಕಾರ್ಮಿಕರು ಮುಷ್ಕರ ಹೂಡಿದರು. ಸುಮ್ನೆ ಹೊರಗೆ ನಿಂತು ಘೋಷಣೆ ಕೂಗಲಿಲ್ಲ. ಕಾರ್ಖಾನೆಯ ಒಳಗೇ ಕೂತರು. ಅಲ್ಲೇ ಉಂಡರು, ಮಲಗಿದರು, ಅಕಾರ್ಡಿಯನ್ ನುಡಿಸಿ ಕುಣಿದರು. ಜೂನ್ 7ರ ರಾತ್ರಿ ಮಾಲೀಕರು, ಕಾರ್ಮಿಕ ಸಂಘಗಳು, ಸರ್ಕಾರ ಒಟ್ಟಿಗೆ ಕೂತು ಒಪ್ಪಂದ ಮಾಡಿಕೊಂಡರು. ಜೂನ್ 20ರಂದು ರಜೆಯ ಕಾನೂನು ಬಂತು. ಒಂದು ವರ್ಷ ಕೆಲಸ ಮಾಡಿದವರಿಗೆ ವರ್ಷಕ್ಕೆ 15 ದಿನ, ಸಂಬಳ ಸಹಿತ. ನಾಲ್ಕೇ ದಿನದ ನಂತರ, ಜೂನ್ 24ರಂದು, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಜಿನೀವಾದಲ್ಲಿ ಸಂಬಳ ಸಹಿತ ರಜೆಯ ಒಪ್ಪಂದಕ್ಕೆ ಮುದ್ರೆ ಒತ್ತಿತು.

ಆದರೆ 15 ದಿನ ಕೈಗೆ ಸಿಕ್ಕ ಕಾರ್ಮಿಕ ಏನು ಮಾಡಬೇಕು? ರೈಲಿಗೆ ದುಡ್ಡೆಲ್ಲಿ? ಆ ಸರ್ಕಾರದಲ್ಲಿ ಕ್ರೀಡೆ ಮತ್ತು ಬಿಡುವಿನ ವಿಷಯ ನೋಡಿಕೊಳ್ಳಲು ಒಬ್ಬ ಕಿರಿಯ ಮಂತ್ರಿ ಇದ್ದರು. ಲಿಯೋ ಲಗ್ರಾಂಜ್. ವಯಸ್ಸು ಇನ್ನೂ 35. ಅವರು ರೈಲು ಕಂಪನಿಗಳ ಜೊತೆ ಮಾತಾಡಿ ವರ್ಷಕ್ಕೊಮ್ಮೆ ಶೇ. 40 ರಿಯಾಯಿತಿಯ ಟಿಕೆಟ್ ತಂದರು. ಕಾನೂನು ಬಂದು ಎರಡು ತಿಂಗಳು ಆಗುವುದರೊಳಗೆ ರೈಲುಗಳು ಹೊರಟವು. ಆ ಒಂದೇ ವರ್ಷ ಸುಮಾರು 6 ಲಕ್ಷ ಜನ ಆ ಟಿಕೆಟ್ ಕೊಂಡರು. ಮೊದಲ ಸಲ ಸಮುದ್ರ ನೋಡಿದವರು ಇದ್ದರು. ಎಷ್ಟೋ ಮಂದಿ ಹೋಗಿದ್ದು ಸಮುದ್ರಕ್ಕಲ್ಲ, ಹಳ್ಳಿಯಲ್ಲಿದ್ದ ಅಪ್ಪ ಅಮ್ಮನ ಮನೆಗೆ. ರೈಲಿಗೂ ಕಾಸಿಲ್ಲದವರು ಇಬ್ಬರು ತುಳಿಯುವ ಸೈಕಲ್ ಹತ್ತಿದರು.

ಎಲ್ಲರಿಗೂ ಖುಷಿ ಆಗಲಿಲ್ಲ. ಅಲ್ಲಿಯವರೆಗೆ ಸಮುದ್ರ ತೀರ ಉಳ್ಳವರದ್ದಾಗಿತ್ತು. ಟೋಪಿ ಹಾಕಿದ ಕೊಳಕರು ಬಂದರು ಅಂತ ಕೆಲವರು ಹಂಗಿಸಿದರು. ಬಡವರು ಬಸ್ಸು, ರೈಲು ಹತ್ತಿ ಹೊರಟಾಗಲೆಲ್ಲ ಇಂಥ ಮಾತು ಎಲ್ಲ ದೇಶದಲ್ಲೂ ಕೇಳಿಸುತ್ತದೆ.

ಆರು ವರ್ಷದ ನಂತರ, ಜರ್ಮನರು ಫ್ರಾನ್ಸನ್ನು ಹಿಡಿದಿದ್ದಾಗ, ಅವರ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ಬ್ಲುಮ್ ಅವರನ್ನು ರಿಯೋಂ ಊರಿನ ನ್ಯಾಯಾಲಯದಲ್ಲಿ ನಿಲ್ಲಿಸಿತು. ದೇಶ ಸೋತಿದ್ದಕ್ಕೆ ಇವರೇ ಕಾರಣ ಅನ್ನುವುದು ಆರೋಪ. 1942ರ ಆ ವಿಚಾರಣೆಯಲ್ಲಿ ಅವರು ರಸ್ತೆಗಳ ಬಗ್ಗೆ ಮಾತಾಡಿದರು. ಪ್ಯಾರಿಸ್ ಹೊರವಲಯದ ರಸ್ತೆಗಳ ತುಂಬ ಹಳೇ ಕಾರು, ಮೋಟರ್ ಸೈಕಲ್, ಜೋಡಿ ಸೈಕಲ್ ಮೇಲೆ ಒಂದೇ ಥರದ ಸ್ವೆಟರ್ ತೊಟ್ಟ ದುಡಿಯುವ ದಂಪತಿಗಳನ್ನು ಕಂಡಾಗಲೆಲ್ಲ, ಕಷ್ಟದ ಬದುಕಿಗೆ ಸ್ವಲ್ಪ ಬೆಳಕು ತಂದೆ ಅಂತ ನನಗೆ ಅನಿಸುತ್ತಿತ್ತು ಅಂದರು. ಶತ್ರುಗಳ ಕೈಯಲ್ಲಿ ಸಿಕ್ಕಿಬಿದ್ದು, ಪ್ರಾಣಕ್ಕೆ ಸಂಚಕಾರ ಇರುವಾಗ, ಒಬ್ಬ ಮಾಜಿ ಪ್ರಧಾನಿ ತನ್ನ ಪರವಾಗಿ ಹೇಳಿಕೊಂಡಿದ್ದು ಜನರ ರಜೆಯ ವಿಷಯ! ಲಗ್ರಾಂಜ್ ಆ ಹೊತ್ತಿಗೆ ಇರಲಿಲ್ಲ. 1940ರ ಜೂನ್‌ನಲ್ಲಿ ಯುದ್ಧಭೂಮಿಯಲ್ಲಿ ತೀರಿಕೊಂಡಿದ್ದರು.

ಬ್ರಿಟನ್ನಿನಲ್ಲಿ 1938ರಲ್ಲಿ ಸಂಬಳ ಸಹಿತ ರಜೆಯ ಕಾಯ್ದೆ ಬಂತು. ಅದಕ್ಕೂ ಎರಡು ವರ್ಷ ಮುಂಚೆ ಬಿಲ್ಲಿ ಬಟ್ಲಿನ್ ಅನ್ನುವವರು ಸ್ಕೆಗ್‌ನೆಸ್‌ನಲ್ಲಿ ರಜಾ ಶಿಬಿರ ತೆರೆದಿದ್ದರು. ಒಂದು ವಾರದ ಕೂಲಿಗೆ ಒಂದು ವಾರದ ರಜೆ ಅನ್ನುವುದು ಅವರ ಜಾಹೀರಾತು. 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ ಸಂಬಳ ಸಹಿತ ರಜೆಯನ್ನು ಹಕ್ಕು ಅಂದಿತು. ಫ್ರಾನ್ಸಿನಲ್ಲಿ 1956ರಲ್ಲಿ ಮೂರನೇ ವಾರ, 1969ರಲ್ಲಿ ನಾಲ್ಕನೇ ವಾರ, 1982ರಲ್ಲಿ ಐದನೇ ವಾರ ಸೇರಿತು. ಬ್ರಿಟನ್ನಿನಲ್ಲಿ ಈಗ ವರ್ಷಕ್ಕೆ 5.6 ವಾರ. ಅಮೆರಿಕದಲ್ಲಿ ಮಾತ್ರ ಇವತ್ತಿಗೂ ಖಾಸಗಿ ಕಂಪನಿಗಳು ಸಂಬಳ ಸಹಿತ ರಜೆ ಕೊಡಲೇಬೇಕು ಅನ್ನುವ ರಾಷ್ಟ್ರೀಯ ಕಾನೂನೇ ಇಲ್ಲ.

ರಜೆಯ ದಿನಗಳು ಹೀಗೆ ಬೆಳೆಯುತ್ತಾ ಹೋದವು. ಹೋಗಲು ಆಗುವವರ ಸಂಖ್ಯೆ ಅದೇ ವೇಗದಲ್ಲಿ ಬೆಳೆಯಲಿಲ್ಲ. ಅಲ್ಲೇ ನನ್ನ ಕಳವಳ ಇರುವುದು.

ಈಗಿನ ಇಂಗ್ಲೆಂಡಿನ ಒಂದು ಮನೆ ತೆಗೆದುಕೊಳ್ಳಿ. ಅಮ್ಮ ವೃದ್ಧರ ಆರೈಕೆ ಕೇಂದ್ರದಲ್ಲಿ, ಅಪ್ಪ ಗೋದಾಮಿನಲ್ಲಿ. ಎರಡು ಮಕ್ಕಳು. ಬೇಸಿಗೆಯಲ್ಲಿ ಶಾಲೆಗೆ ಸುಮಾರು ಆರು ವಾರ ರಜೆ. ದೇಶದ ಎಲ್ಲ ಮಕ್ಕಳಿಗೂ ಹೆಚ್ಚು ಕಮ್ಮಿ ಅದೇ ಆರು ವಾರ. ಅದಕ್ಕೇ ಆ ಆರು ವಾರ ಎಲ್ಲದರ ಬೆಲೆಯೂ ಏರುತ್ತದೆ. ರಜೆ ಶುರುವಾಗುವ ಹಿಂದಿನ ವಾರಕ್ಕೂ ಆಮೇಲಿನ ವಾರಕ್ಕೂ ಅದೇ ಕೋಣೆಗೆ ಬೇರೆ ಬೇರೆ ಬೆಲೆ. ಹಾಗಾದರೆ ಶಾಲೆ ನಡೆಯುವಾಗಲೇ ಅಗ್ಗಕ್ಕೆ ಹೋಗಿ ಬರೋಣ ಅಂದರೆ ದಂಡ ಬೀಳುತ್ತದೆ. 2024ರ ಆಗಸ್ಟ್‌ನಿಂದ ಪ್ರತಿ ಮಗುವಿಗೆ, ಪ್ರತಿ ಪೋಷಕರಿಗೆ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಇಬ್ಬರು ಮಕ್ಕಳು, ಇಬ್ಬರು ಪೋಷಕರು ಅಂದರೆ ಲೆಕ್ಕ ನೀವೇ ಹಾಕಿ. ಮಗಳನ್ನು ಶಾಲೆ ಬಿಡಿಸಿ ಪ್ರವಾಸಕ್ಕೆ ಕರೆದುಕೊಂಡು ಹೋದ ಒಬ್ಬ ತಂದೆಯ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2017ರಲ್ಲಿ ತೀರ್ಪು ತಂದೆಯ ವಿರುದ್ಧ ಬಂತು.

ಮಕ್ಕಳು ಪಾಠ ತಪ್ಪಿಸಬಾರದು ಅನ್ನುವುದು ಸರಿ. ನಾನು ಅದನ್ನು ಒಪ್ಪುತ್ತೇನೆ. ಆದರೆ ಈ ನಿಯಮದ ಭಾರ ಯಾರ ಮೇಲೆ ಬೀಳುತ್ತದೆ ನೋಡಿ. ದುಬಾರಿ ಪ್ರವಾಸಕ್ಕೆ ಹೋಗುವವರಿಗೆ ದಂಡ ಕಟ್ಟಿದರೂ ಟಿಕೆಟ್ಟಿನಲ್ಲಿ ಉಳಿಯುವ ಹಣವೇ ಜಾಸ್ತಿ. ಕಾರವಾನ್ ಅನ್ನುವ ಗಾಡಿಮನೆಯಲ್ಲಿ ನಾಲ್ಕು ರಾತ್ರಿ ಕಳೆಯಲು ವರ್ಷವಿಡೀ ಕೂಡಿಟ್ಟವರಿಗೆ ದಂಡವೇ ಪ್ರವಾಸದ ಖರ್ಚನ್ನು ಮೀರಿಸಬಹುದು. ಜರ್ಮನಿಯಲ್ಲಿ 16 ರಾಜ್ಯಗಳು ಬೇಸಿಗೆ ರಜೆಯನ್ನು ಹಿಂದೆ ಮುಂದೆ ಮಾಡಿ ಹಂಚಿಕೊಳ್ಳುತ್ತವೆ. ಎಲ್ಲರೂ ಒಂದೇ ವಾರ ರಸ್ತೆಗೆ ಇಳಿಯುವುದು ಅಷ್ಟು ತಪ್ಪುತ್ತದೆ. ಇಂಗ್ಲೆಂಡ್ ಇದನ್ನು ಗಂಭೀರವಾಗಿ ಯೋಚಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೊರಗೆ ಹೋಗದಿದ್ದರೂ ಶಾಲೆಯ ರಜೆ ಬಡ ಮನೆಗೆ ಖರ್ಚಿನ ಕಾಲ. ಶಾಲೆಯಲ್ಲಿ ಸಿಗುತ್ತಿದ್ದ ಉಚಿತ ಊಟ ನಿಲ್ಲುತ್ತದೆ. ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕು, ಇಲ್ಲದಿದ್ದರೆ ಕೆಲಸಕ್ಕೆ ಚಕ್ಕರ್ ಹೊಡೆಯಬೇಕು. 2020ರ ಜೂನ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬೆಳೆದ ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಷ್‌ಫರ್ಡ್ ಬೇಸಿಗೆ ರಜೆಯಲ್ಲೂ ಊಟದ ನೆರವು ನಿಲ್ಲಿಸಬೇಡಿ ಅಂತ ಸಂಸದರಿಗೆ ಬಹಿರಂಗ ಪತ್ರ ಬರೆದರು. ಚಿಕ್ಕಂದಿನಲ್ಲಿ ತಮ್ಮ ಮನೆಯೂ ಇಂಥ ಊಟವನ್ನೇ ನಂಬಿತ್ತು ಅಂತ ಅದರಲ್ಲಿತ್ತು. ಮರುದಿನವೇ ಸರ್ಕಾರ ನಿಲುವು ಬದಲಿಸಿತು. ಸುಮಾರು 13 ಲಕ್ಷ ಮಕ್ಕಳಿಗೆ ಬೇಸಿಗೆಯ ಊಟದ ವೋಚರ್ ಸಿಕ್ಕಿತು. 2021ರಿಂದ ಇಂಗ್ಲೆಂಡಿನಾದ್ಯಂತ ರಜೆಯಲ್ಲಿ ಊಟ ಮತ್ತು ಆಟೋಟದ ಕಾರ್ಯಕ್ರಮ ಬಂತು. ನಮ್ಮ ಕರ್ನಾಟಕದಲ್ಲೂ 2024ರ ಬರಗಾಲದ ಬೇಸಿಗೆಯಲ್ಲಿ ರಜೆಯಿದ್ದರೂ ಶಾಲೆಗಳಲ್ಲಿ ಬಿಸಿಯೂಟ ಬಡಿಸಿದ್ದು ನಿಮಗೆ ನೆನಪಿರಬಹುದು. ಹಸಿವಿಗೆ ಬೇಸಿಗೆ ರಜೆ ಇಲ್ಲ.

ರಜೆ ಮುಗಿದ ಮೊದಲ ದಿನ ಇನ್ನೊಂದು ಪರೀಕ್ಷೆ. ರಜೆಯಲ್ಲಿ ಏನು ಮಾಡಿದಿರಿ, ಬರೆಯಿರಿ ಅಂತ ಟೀಚರ್ ಹೇಳುತ್ತಾರೆ. ನಮ್ಮ ಶಾಲೆಗಳಲ್ಲೂ ಇದೇ ಪ್ರಬಂಧ ಬರೆಸುತ್ತಾರೆ, ಅಲ್ವಾ? ಎಲ್ಲಿಗೂ ಹೋಗದ ಮಗು ಹೋದ ಹಾಗೆ ಕಥೆ ಕಟ್ಟುತ್ತದೆ, ಇಲ್ಲದಿದ್ದರೆ ಖಾಲಿ ಹಾಳೆ ಇಟ್ಟುಕೊಂಡು ಕೂರುತ್ತದೆ. ಇಲ್ಲಿ ಶಿಕ್ಷಕರು ಇದ್ದೀರಿ. ದಯವಿಟ್ಟು ಈ ಪ್ರಶ್ನೆಯನ್ನು ಬೇರೆ ಥರ ಕೇಳಿ.

ಅಲ್ಲಿ ಯಾರೂ ಏನೂ ಮಾಡುತ್ತಿಲ್ಲ ಅಂತಲ್ಲ. ಫ್ರಾನ್ಸಿನ ಸೆಕೂರ್ ಪೊಪ್ಯುಲೇರ್ ಅನ್ನುವ ಸಂಸ್ಥೆ 1979ರಿಂದ ಪ್ರತಿ ಆಗಸ್ಟ್‌ನಲ್ಲಿ, ರಜೆಯಲ್ಲಿ ಎಲ್ಲೂ ಹೋಗದ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಬಸ್ಸುಗಳಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತದೆ. ಪ್ಯಾರಿಸ್ ಸುತ್ತಲಿನ ಮಕ್ಕಳು ನಾರ್ಮಂಡಿ ತೀರಕ್ಕೆ ಹೋಗಿ ಸಂಜೆ ವಾಪಸ್. ಬ್ರಿಟನ್ನಿನಲ್ಲಿ 1975ರಲ್ಲಿ ದಂಪತಿಯೊಬ್ಬರು ಶುರು ಮಾಡಿದ ಫ್ಯಾಮಿಲಿ ಹಾಲಿಡೇ ಅಸೋಸಿಯೇಷನ್ ಕಷ್ಟದಲ್ಲಿರುವ ಕುಟುಂಬಗಳಿಗೆ ಕೆಲವು ದಿನದ ಪ್ರವಾಸ ಏರ್ಪಾಡು ಮಾಡುತ್ತಾ ಬಂದಿದೆ. ಅಮೆರಿಕದಲ್ಲಿ ನ್ಯೂಯಾರ್ಕಿನ ಬಡ ಮಕ್ಕಳನ್ನು ಹಳ್ಳಿಗೆ ಕಳಿಸುವ ಫ್ರೆಶ್ ಏರ್ ಫಂಡ್ 1877ರಷ್ಟು ಹಳೆಯದು.

ಇವರೆಲ್ಲರ ಬಗ್ಗೆ ನನಗೆ ಗೌರವ ಇದೆ. ಆದರೆ ದಾನದ ಪ್ರವಾಸಕ್ಕೆ ಕೆಲವರನ್ನು ಆರಿಸಬೇಕಾಗುತ್ತದೆ. ಯಾರ ಕಷ್ಟ ಜಾಸ್ತಿ ಅಂತ ತೂಗಿ ನೋಡಬೇಕಾಗುತ್ತದೆ. 1936ರ ಟಿಕೆಟ್ ಕೊಳ್ಳುವಾಗ ಯಾರೂ ತಮ್ಮ ಕಷ್ಟ ಹೇಳಿಕೊಳ್ಳಬೇಕಿರಲಿಲ್ಲ. ದುಡಿಯುತ್ತೇನೆ ಅಂದರೆ ಸಾಕಿತ್ತು. 1982ರಲ್ಲಿ ಫ್ರಾನ್ಸ್ ರಜಾ ಚೆಕ್ ಅನ್ನುವ ಪದ್ಧತಿ ತಂದಿತು. ಕೆಲಸಗಾರರು ಸ್ವಲ್ಪ ಉಳಿಸುತ್ತಾರೆ, ಕಂಪನಿ ಸ್ವಲ್ಪ ಸೇರಿಸುತ್ತದೆ, ಆ ಚೆಕ್ಕನ್ನು ರೈಲು, ಹೋಟೆಲ್, ಶಿಬಿರಗಳಲ್ಲಿ ಕೊಡಬಹುದು. ಒಳ್ಳೆಯ ಯೋಚನೆ. ಆದರೆ ದೊಡ್ಡ ಕಂಪನಿಯಲ್ಲಿ ಇರುವವರಿಗೆ ಸುಲಭವಾಗಿ ಸಿಕ್ಕಿತು. ಚಿಕ್ಕ ಅಂಗಡಿ, ದಿನಗೂಲಿ, ಗಂಟೆ ಲೆಕ್ಕದ ಕ್ಲೀನಿಂಗ್ ಕೆಲಸದವರಿಗೆ ಅಷ್ಟಾಗಿ ತಲುಪಲಿಲ್ಲ. 1998ರ ಕಾನೂನಿನಲ್ಲಿ ಎಲ್ಲರಿಗೂ ರಜೆ ಸಿಗುವಂತೆ ಮಾಡುವುದು ರಾಷ್ಟ್ರೀಯ ಗುರಿ ಅಂತಲೇ ಬರೆದರು. ಇವತ್ತಿಗೂ ಆ ದೇಶದಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಜನ ವರ್ಷದಲ್ಲಿ ಎಲ್ಲೂ ಹೋಗುವುದಿಲ್ಲ. ಕೆಲವರು ಇಷ್ಟಪಟ್ಟು ಉಳಿಯುತ್ತಾರೆ, ಕೆಲವರು ಆರೋಗ್ಯ ಸರಿಯಿಲ್ಲದೆ. ತುಂಬ ಮಂದಿಗೆ ದುಡ್ಡೇ ಅಡ್ಡಿ.

ತಾಯಂದಿರ ವಿಷಯ ಒಂದು ಹೇಳಿಬಿಡುತ್ತೇನೆ. ಅಗ್ಗದ ರಜೆ ಅಂದರೆ ಅಡುಗೆ ನೀವೇ ಮಾಡಿಕೊಳ್ಳುವ ರಜೆ. ಅಂದರೆ ಅಮ್ಮ ಬೇರೆ ಊರಿನ ಬೇರೆ ಒಲೆಯ ಮುಂದೆ ನಿಲ್ಲುತ್ತಾಳೆ. ಜರ್ಮನಿಯಲ್ಲಿ ಇದನ್ನು ಅರ್ಥ ಮಾಡಿಕೊಂಡವರು ಎಲಿ ಹಾಯ್ಸ್-ಕ್ನಾಪ್ ಅನ್ನುವ ಹೆಣ್ಣುಮಗಳು. ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷರ ಪತ್ನಿ. ಯುದ್ಧದಿಂದ ನುಜ್ಜುಗುಜ್ಜಾದ ದೇಶದಲ್ಲಿ, 1950ರಲ್ಲಿ, ದಣಿದ ತಾಯಂದಿರ ವಿಶ್ರಾಂತಿಗೆ ಅಂತಲೇ ಅವರು ಒಂದು ಸಂಸ್ಥೆ ಕಟ್ಟಿದರು. ಈಗಲೂ ಅಲ್ಲಿ ವೈದ್ಯರು ಬರೆದುಕೊಟ್ಟರೆ ತಾಯಿ ಸುಮಾರು ಮೂರು ವಾರ ವಿಶ್ರಾಂತಿ ಧಾಮದಲ್ಲಿ ಇದ್ದು ಬರಬಹುದು. ಖರ್ಚಿನ ಬಹುಪಾಲು ಆರೋಗ್ಯ ವಿಮೆಯದು. ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗುವುದನ್ನು ಯಾಕೆ ಅಷ್ಟು ಕಾಯುತ್ತಾರೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿ ಮುಗಿಸಿದಾಗ ಕೆಲವರು ಪ್ರಶ್ನೆ ಕೇಳಿದರು.

ನಮ್ಮಲ್ಲೇ ಇಷ್ಟು ಬಡತನ ಇರುವಾಗ ಶ್ರೀಮಂತ ದೇಶದವರ ರಜೆಯ ಚಿಂತೆ ನಮಗ್ಯಾಕೆ ಸಾರ್ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಮೊದಲನೆಯದು, ಆ ದೇಶಗಳಲ್ಲಿ ಆಸ್ಪತ್ರೆ, ಆರೈಕೆ ಕೇಂದ್ರಗಳಲ್ಲಿ ದುಡಿಯುವವರಲ್ಲಿ ಮಂಗಳೂರು, ಉಡುಪಿ ಕಡೆಯವರೂ ಇದ್ದಾರೆ. ಅವರ ರಜೆ ಅಂದರೆ ಊರಿಗೆ ಬರುವುದು. ಮಕ್ಕಳ ಶಾಲೆಗೆ ರಜೆ ಸಿಗುವ ಆಗಸ್ಟ್, ಡಿಸೆಂಬರ್‌ನಲ್ಲೇ ವಿಮಾನದ ಟಿಕೆಟ್ ಆಕಾಶ ಮುಟ್ಟಿರುತ್ತದೆ. ಅದಕ್ಕೇ ಅಜ್ಜ ಅಜ್ಜಿಯನ್ನು ವರ್ಷಗಟ್ಟಲೆ ಫೋನಿನಲ್ಲೇ ನೋಡುವ ಮಕ್ಕಳಿದ್ದಾರೆ. ಎರಡನೆಯದು, ನಮ್ಮಲ್ಲಿ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತಿದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗ ಹೆಂಗಸರು ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ ಅಂತ ಹೊರಟರು. ಬಸ್ಸಿನಲ್ಲಿ ಜಾಗ ಇಲ್ಲ ಅಂತ ಗೊಣಗಿದವರೂ ಇದ್ದರು. ಆ ಹೆಂಗಸರಲ್ಲಿ ಎಷ್ಟೋ ಮಂದಿ ಬೇರೆಯವರ ಹತ್ತಿರ ಬಸ್ ಚಾರ್ಜಿಗೆ ಕೈಚಾಚದೆ ಹೊರಟಿದ್ದು ಅದೇ ಮೊದಲು. ನಾನು ಅವರ ಪರ. ಆದರೆ ಟಿಕೆಟ್ ಇದೆ, ರಜೆ ಇಲ್ಲ. ಮನೆಗೆಲಸ ಮಾಡುವವರು, ಕಟ್ಟಡ ಕೆಲಸದವರು ಎರಡು ದಿನ ಹೋದರೆ ಎರಡು ದಿನದ ಕೂಲಿ ಹೋಯಿತು.

ಲಗ್ರಾಂಜ್ ಅವರ ಟಿಕೆಟ್ ಈಗಲೂ ಇದೆಯಾ ಅಂತ ಇನ್ನೊಬ್ಬರು ಕೇಳಿದರು. ಇದೆ. ಫ್ರಾನ್ಸಿನ ರೈಲಿನಲ್ಲಿ ಇವತ್ತಿಗೂ ವರ್ಷಕ್ಕೊಮ್ಮೆ ಸಿಗುತ್ತದೆ. ಕೆಲಸದಲ್ಲಿರುವವರು ಮಾಲೀಕರ ಸಹಿ ಹಾಕಿಸಿದ ಅರ್ಜಿ ಕೊಡಬೇಕು. ರಿಯಾಯಿತಿ ಮಾತ್ರ ಶೇ. 40ರಿಂದ 25ಕ್ಕೆ ಇಳಿದಿದೆ. ಟಿಕೆಟ್ಟಿನ ಅರ್ಧ ಹಣವನ್ನಾದರೂ ರಜಾ ಚೆಕ್ಕಿನಲ್ಲಿ ಕಟ್ಟಿದರೆ ಶೇ. 50 ಸಿಗುತ್ತದೆ. ಅಂದರೆ ದೊಡ್ಡ ರಿಯಾಯಿತಿ ಸಿಗುವುದು, ಚೆಕ್ ಕೊಡುವ ಕಂಪನಿಯಲ್ಲಿ ಕೆಲಸ ಇರುವವರಿಗೇ.